ಟಾಲ್ ಬ್ರೋಡಿ: ಒಂದು ವರ್ಷಕ್ಕೆಂದು ಹೋದ ಆಟಗಾರ

ಟಾಲ್ ಬ್ರೋಡಿ ಹುಟ್ಟಿದ್ದು 1943ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಟ್ರೆಂಟನ್‌ನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ ಹೆಸರು ಮಾಡಿದ ಅವರನ್ನು 1965ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಬಾಲ್ಟಿಮೋರ್ ಬುಲೆಟ್ಸ್ ತಂಡ ಆರಿಸಿಕೊಂಡಿತು. ಅದೇ ಬೇಸಿಗೆಯಲ್ಲಿ ಅವರು ಜಗತ್ತಿನ ಯಹೂದಿ ಕ್ರೀಡಾಪಟುಗಳು ಸೇರುವ ಮಕಾಬಿಯಾ ಕೂಟಕ್ಕೆ ಇಸ್ರೇಲಿಗೆ ಹೋದರು. ಅಮೆರಿಕ ತಂಡ ಚಿನ್ನ ಗೆದ್ದಿತು. ಮಕಾಬಿ ಟೆಲ್ ಅವೀವ್ ಕ್ಲಬ್ಬಿನವರು ಬ್ರೋಡಿಯ ಬೆನ್ನು ಬಿದ್ದರು. ಯುರೋಪಿನ ಕಪ್‌ಗಳಲ್ಲಿ ಕ್ಲಬ್ಬಿಗೆ ಆಗ ಲೆಕ್ಕವೇ ಇರಲಿಲ್ಲ. ಒಂದೇ ಒಂದು ವರ್ಷ ಆಡಿಕೊಡಿ ಎಂಬುದು ಅವರ ಕೋರಿಕೆ. 1966ರಲ್ಲಿ ಬ್ರೋಡಿ ಟೆಲ್ ಅವೀವ್‌ಗೆ ಬಂದರು. ಎನ್‌ಬಿಎಯಲ್ಲಿ ಅವರು ಒಂದು ಪಂದ್ಯವನ್ನೂ ಆಡಲೇ ಇಲ್ಲ.

ಫಲ ಬೇಗ ಕಂಡಿತು. 1967ರಲ್ಲಿ ಮಕಾಬಿ ಯುರೋಪಿನ ಕಪ್ ವಿನ್ನರ್ಸ್ ಕಪ್‌ನ ಫೈನಲ್ ತಲುಪಿ, ಇಟಲಿಯ ವಾರೆಸೆ ಎದುರು ಸೋತಿತು. ಮುಂದೆ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಲು ಬ್ರೋಡಿ ತಾಯ್ನಾಡಿಗೆ ಮರಳಬೇಕಾಯಿತು. ಎನ್‌ಬಿಎ ಆಟಗಾರರಿಗೆ ಆಗ ವಿಶ್ವ ಚಾಂಪಿಯನ್‌ಶಿಪ್ ಬಾಗಿಲು ಮುಚ್ಚಿತ್ತು. ಬ್ರೋಡಿಗೆ ಆ ತೊಡಕಿರಲಿಲ್ಲ. 1970ರಲ್ಲಿ ಯುಗೊಸ್ಲಾವಿಯದ ಲ್ಯುಬ್ಲಿಯಾನಾದಲ್ಲಿ ಆ ಕೂಟದಲ್ಲಿ ಅಮೆರಿಕದ ಪರ ಆಡಿದರು. ಅದೇ ವರ್ಷ ಇಸ್ರೇಲಿಗೆ ವಾಪಸಾಗಿ, ಅಲ್ಲಿಯ ಪೌರರಾಗಿ ನೆಲೆ ನಿಂತರು.

ಅವರ ಹೆಸರು ಇಂದಿಗೂ ಅಂಟಿಕೊಂಡಿರುವುದು 1977ರ ಒಂದು ಸಂಜೆಗೆ. ಯುರೋಪಿಯನ್ ಚಾಂಪಿಯನ್ಸ್ ಕಪ್‌ನಲ್ಲಿ ಮಕಾಬಿಗೆ ಎದುರಾದದ್ದು ಸೋವಿಯತ್ ಕೆಂಪು ಸೇನೆಯ ತಂಡ ಸಿಎಸ್‌ಕೆಎ ಮಾಸ್ಕೋ. 1967ರ ಅರಬ್–ಇಸ್ರೇಲ್ ಯುದ್ಧದ ನಂತರ ಸೋವಿಯತ್ ಒಕ್ಕೂಟ ಇಸ್ರೇಲಿನೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತ್ತು. ಮಾಸ್ಕೋದವರು ಟೆಲ್ ಅವೀವ್‌ಗೆ ಬರಲೊಲ್ಲರು, ಮಕಾಬಿಯವರನ್ನು ಮಾಸ್ಕೋಗೆ ಬಿಟ್ಟುಕೊಳ್ಳಲೊಲ್ಲರು. ಕಡೆಗೆ ಇಬ್ಬರಿಗೂ ಸಂಬಂಧವಿಲ್ಲದ ವಿರ್ಟನ್ ಎಂಬ ಬೆಲ್ಜಿಯಂನ ಪುಟ್ಟ ಊರು ಗೊತ್ತಾಯಿತು. ಫೆಬ್ರವರಿ 17ರಂದು ಮಕಾಬಿ 91–79ರಿಂದ ಗೆದ್ದಿತು. ಇಸ್ರೇಲಿನಲ್ಲಿದ್ದದ್ದು ಒಂದೇ ಟಿವಿ ಚಾನೆಲ್. ದೇಶಕ್ಕೆ ದೇಶವೇ ಅದರ ಮುಂದೆ ಕೂತಿತ್ತು.

ಪಂದ್ಯ ಮುಗಿದ ಗದ್ದಲದಲ್ಲಿ ಮೈಕ್ ಮುಂದೆ ಬಂದಾಗ 33ರ ಬ್ರೋಡಿಗೆ ಸರಿಯಾದ ಹೀಬ್ರೂ ಮಾತು ಹೊಳೆಯಲಿಲ್ಲ. ಇಂಗ್ಲಿಷಿನ ನುಡಿಗಟ್ಟೊಂದನ್ನು ಹಾಗೆಯೇ ಹೀಬ್ರೂಗೆ ಇಳಿಸಿ, ಢಾಳಾದ ಅಮೆರಿಕನ್ ಉಚ್ಚಾರದಲ್ಲಿ, ನಾವೀಗ ಭೂಪಟದ ಮೇಲಿದ್ದೇವೆ, ಮೇಲೆಯೇ ಉಳಿಯುತ್ತೇವೆ, ಬರೀ ಆಟದಲ್ಲಲ್ಲ, ಎಲ್ಲದರಲ್ಲೂ ಎಂದುಬಿಟ್ಟರು. ಹೀಬ್ರೂವಿನಲ್ಲಿ ಅಂಥ ಬಳಕೆಯೇ ಇರಲಿಲ್ಲ. ಭಾಷಾಪಂಡಿತರು ಎಷ್ಟೇ ಬೆವರಿದರೂ ಆಗದ ಕೆಲಸವನ್ನು ಆ ತಪ್ಪು ಮಾಡಿತು: ಅದು ನಾಡಿನ ಆಡುಮಾತಾಯಿತು.

ಏಪ್ರಿಲ್ 7ರ ಫೈನಲ್ ನಡೆದದ್ದು ಬೆಲ್‌ಗ್ರೇಡ್‌ನಲ್ಲಿ. ಯುಗೊಸ್ಲಾವಿಯ ಕೂಡ ಇಸ್ರೇಲಿನೊಂದಿಗೆ ಸಂಬಂಧ ಮುರಿದುಕೊಂಡಿದ್ದ ದೇಶವೇ. ಆದರೂ ಆಡಲು ಬಿಟ್ಟಿತು. ಎದುರಾಳಿ ಮತ್ತದೇ ವಾರೆಸೆ. ಪ್ರಾಯೋಜಕರ ಹೆಸರು ಮಾತ್ರ ಇಗ್ನಿಸ್ ಹೋಗಿ ಮೊಬಿಲ್‌ಜಿರ್ಜಿ ಆಗಿತ್ತು. 1970ರಿಂದ 1979ರವರೆಗೆ ಪ್ರತಿ ವರ್ಷವೂ ಫೈನಲ್ ಆಡಿದ ತಂಡ ಅದು. ಮಕಾಬಿ 78–77ರಿಂದ, ಬರೀ ಒಂದು ಅಂಕದಿಂದ, ಗೆದ್ದು ಮೊದಲ ಬಾರಿಗೆ ಯುರೋಪಿನ ಚಾಂಪಿಯನ್ ಆಯಿತು. ಅದೇ ರಾತ್ರಿ ಪ್ರಧಾನಿ ಯಿಟ್ಝಾಕ್ ರಾಬಿನ್, ಪತ್ನಿಯ ಡಾಲರ್ ಖಾತೆಯ ವಿವಾದದಿಂದಾಗಿ ತಾವು ಹಿಂದೆ ಸರಿಯುವುದಾಗಿ ಟಿವಿಯಲ್ಲಿ ಘೋಷಿಸಿದರು.

ಇಸ್ರೇಲಿನ ಹೆಮ್ಮೆ ಎನಿಸಿದ ಆ ತಂಡದಲ್ಲಿ ಅರ್ಧದಷ್ಟು ಮಂದಿ ಅಮೆರಿಕದಲ್ಲಿ ಆಟ ಕಲಿತವರು: ಆಲ್ಸಿ ಪೆರಿ, ಜಿಮ್ ಬೋಟ್‌ರೈಟ್, ಲೂ ಸಿಲ್ವರ್. ಕೋಚ್ ರಾಲ್ಫ್ ಕ್ಲೈನ್ ಬರ್ಲಿನ್‌ನಲ್ಲಿ ಹುಟ್ಟಿದವರು. ಇಸ್ರೇಲಿನಲ್ಲೇ ಹುಟ್ಟಿದ ದೊಡ್ಡ ಹೆಸರೆಂದರೆ ಮಿಕಿ ಬೆರ್ಕೊವಿಚ್. ಹೊರಗಿನ ಆಟಗಾರರನ್ನು ಕರೆತಂದು ಪೌರತ್ವ ಕೊಟ್ಟು ತಂಡ ಕಟ್ಟುವ ದಾರಿ ಮಕಾಬಿಗೆ ತೆರೆದುಕೊಂಡದ್ದು ಬ್ರೋಡಿಯಿಂದಲೇ ಎನ್ನಬೇಕು.

1979ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಇಸ್ರೇಲ್ ಪ್ರಶಸ್ತಿ ಬ್ರೋಡಿಗೆ ಸಂದಿತು. ಕ್ರೀಡೆಗಾಗಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. 1980ರಲ್ಲಿ ಆಟ ನಿಲ್ಲಿಸಿದರು. ಅವರ 6ನೇ ನಂಬರಿನ ಅಂಗಿಯನ್ನು ಮಕಾಬಿ ಬೇರಾರಿಗೂ ಕೊಡದೆ ಎತ್ತಿಟ್ಟಿದೆ.