ಬಯಲುಸೀಮೆಯ ಮನೆಯೂ ಪಡುವಣ ಕಡಲೂ



ಗದಗ ಜಿಲ್ಲೆಯ ರೋಣದ ಸೀಮೆಯಲ್ಲಿ ಸವಡಿಯೆಂಬ ಗ್ರಾಮವುಂಟು. ಸುತ್ತಲೂ ಎರೆಯ ಭೂಮಿ. ಜೋಳ, ಕಡಲೆ, ಹತ್ತಿಗಳ ನಾಡು. ಅಲ್ಲಿಂದ ಪಡುವಣ ಸಮುದ್ರಕ್ಕೆ ನೇರ ಗೆರೆಯಲ್ಲಿ ಅಳೆದರೂ ಸುಮಾರು 200 ಕಿಲೋಮೀಟರು. ಇಂತಹ ಊರಿನ ಒಂದು ಸಂಸಾರವು ಮಕ್ಕಳುಮರಿಗಳೊಡನೆ ಘಟ್ಟವಿಳಿದು, ಕಡಲ ಕರೆಯಲ್ಲಿ ಅಲೆಯನ್ನೂ ಏಡಿಯನ್ನೂ ಹಕ್ಕಿಯನ್ನೂ ಕಂಡು ನಲಿದು ಮರಳುವುದು ಇಂದು ಯಾರಿಗೂ ಅದ್ಭುತವೆನಿಸದು. ಆದರೆ ಈ ರೂಢಿ ನಿನ್ನೆ ಮೊನ್ನೆಯದು. ಇದರ ಹಿಂದೆ ಒಂದು ಇತಿಹಾಸವಿದೆ. ಬಯಲಿನ ಮನೆಗೂ ಕಡಲಿನ ಕರೆಗೂ ಇರುವ ನಂಟು ಎಂತಹುದು, ನಾವು ಅಲ್ಲಿಗೆ ಹೋಗುವುದು ನೆಂಟರಾಗಿಯೋ ಗಿರಾಕಿಗಳಾಗಿಯೋ, ಎಂಬ ಪ್ರಶ್ನೆಯನ್ನು ಆ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದು ಮಾತು. ಸವಡಿಯವರು ಕಡಲನ್ನು ಕಾಣದೆ ಇದ್ದಿರಬಹುದು. ಕಡಲು ಸವಡಿಯನ್ನು ಕಾಣದೆ ಇಲ್ಲ. ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದ ಮೇಲಿಂದ ಬಂದು ಸಹ್ಯಾದ್ರಿಗೆ ತಾಗಿ, ತಮ್ಮ ಐಶ್ವರ್ಯದ ಬಹುಭಾಗವನ್ನು ಅಲ್ಲಿಯೇ ಸುರಿದುಬಿಡುತ್ತವೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬಿದ್ದರೆ ರೋಣದ ಸೀಮೆಯ ಪಾಲಿಗೆ ಬರುವುದು 600ರ ಆಸುಪಾಸು ಮಾತ್ರ. ಆದರೂ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಘಟ್ಟದ ಮಳೆಯ ಒಂದು ಭಾಗವನ್ನು ಹೊತ್ತು ಪೂರ್ವಕ್ಕೆ ತಿರುಗಿ, ರೋಣದ ಸೀಮೆಯ ಬಡಗಣ ಅಂಚಿನಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆದಕಾರಣ ಬಯಲಿನ ರೈತನು ಕುಡಿಯುವ ನೀರಿನಲ್ಲಿ ಕಡಲಿನ ಪಾಲು ಮೊದಲಿನಿಂದಲೂ ಇದ್ದೇ ಇದೆ.

ಮನುಷ್ಯರ ನಡುವಣ ನಂಟು ಬೆಳೆದದ್ದು ಹತ್ತಿಯ ಮೂಲಕ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ. ಹೀಗಾಗಿ ಎರೆಯ ಹೊಲದ ಈ ನಾಡಹತ್ತಿಗೆ ಪರದೇಶದ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಬೆಳೆದವನ ಊರು ಮರೆಯಾಗಿ, ಹಡಗೇರಿಸಿದ ರೇವಿನ ಹೆಸರು ಉಳಿಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬಾರದೆ ಹೋದಾಗ, ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದರ ಹಿಂದೆಯೂ ಇದೇ ಕಾರಣವಿತ್ತು: ಕಾರವಾರದ ಬಂದರವನ್ನು ಬೆಳೆಸಿ ಧಾರವಾಡದ ಹತ್ತಿಗೆ ಹತ್ತಿರದ ಬಾಗಿಲನ್ನು ತೆರೆಯಬೇಕೆಂಬುದು ಮುಂಬಯಿಯ ವರ್ತಕರ ಹಂಬಲ. ಒಂದು ಜಿಲ್ಲೆಯ ಹಣೆಬರಹವನ್ನು ಎರೆಯ ಹೊಲದ ಅರಳೆಯು ಹೀಗೆ ತಿದ್ದಿತು.

ಆದರೆ ಆ ಪ್ರಯಾಣವು ವಿಹಾರವಾಗಿರಲಿಲ್ಲ. ದೇವಿಮನೆ, ಅರಬೈಲುಗಳಂತಹ ಘಟ್ಟಗಳ ಇಳಿಜಾರು, ದಟ್ಟವಾದ ಕಾಡು, ಚಳಿಜ್ವರದ ಭಯ, ಎತ್ತುಗಳ ಕಾಲು ಮುರಿದೀತೆಂಬ ಆತಂಕ; ಇವುಗಳ ನಡುವೆ ನಡೆಯುತ್ತಿದ್ದುದು ಗಂಡಸರ ಕಾಯಕ. ಬಂಡಿಗಳು ಮರಳುವಾಗ ಉಪ್ಪನ್ನೂ ತೆಂಗನ್ನೂ ಹೊತ್ತು ಬರುತ್ತಿದ್ದುವು. ಮನೆಯ ಹೆಂಗಸರಿಗೂ ಮಕ್ಕಳಿಗೂ ಕಡಲೆಂದರೆ ಅಡಿಗೆಮನೆಯ ಉಪ್ಪಿನ ಮಡಕೆಯಲ್ಲಿ ಇದ್ದಷ್ಟೇ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಗದಗ, ಹುಬ್ಬಳ್ಳಿಗಳನ್ನು ಮುಟ್ಟಿ ಮುಂದೆ ಗೋವೆಯ ಮರ್ಮಗೋವಾ ಬಂದರವನ್ನು ಸೇರಿದ ಮೇಲೆ ಹತ್ತಿಯು ಹೊಸ ಹಾದಿ ಹಿಡಿಯಿತು; ಕುಮಟೆಯ ಬಂಡಿಸಾಲು ಬಡವಾಯಿತು. ಕಡಲಿನ ಹಳೆಯ ವ್ಯವಹಾರ ಕಳಚಿತೇ ಹೊರತು, ಹೊಸ ಸ್ನೇಹ ಇನ್ನೂ ಹುಟ್ಟಿರಲಿಲ್ಲ.

ಆ ಸ್ನೇಹದ ಒಂದು ಸುಂದರ ನಿದರ್ಶನ ಕಾಣಬರುವುದೂ ಅದೇ ಕಾಲದಲ್ಲಿಯೇ. ಆದರೆ ಅದನ್ನು ತಂದವರು ಬಂಗಾಳದವರು. ಸಿವಿಲ್ ಸರ್ವಿಸನ್ನು ಸೇರಿದ ಮೊದಲನೆಯ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ ರವೀಂದ್ರನಾಥರು, ಆಗ ಇಪ್ಪತ್ತೆರಡು ವರ್ಷದ ತರುಣರು, ಕಲಕತ್ತೆಯ ಸದರ್ ಬೀದಿಯಲ್ಲಿ ತಮ್ಮೊಡನಿದ್ದ ಮನೆಯ ಬಳಗದೊಂದಿಗೆ ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. 1912ರಲ್ಲಿ ಪ್ರಕಟವಾದ ತಮ್ಮ ‘ಜೀವನಸ್ಮೃತಿ’ಯಲ್ಲಿ ಆ ದಿನಗಳನ್ನು ಅವರು ನೆನೆದಿದ್ದಾರೆ. ಒಂದು ಬೆಳುದಿಂಗಳ ಸಂಜೆ ಈ ಬಳಗವು ಚಿಕ್ಕ ದೋಣಿಯೊಂದರಲ್ಲಿ ಕಾಳಿನದಿಯ ಮೇಲ್ಮುಖವಾಗಿ ಸಾಗಿತು. ದಡದ ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು, ತಾವು ಕಟ್ಟಿ ತಂದಿದ್ದ ಬುತ್ತಿಯನ್ನು ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಓಟಕ್ಕೇ ಬಿಟ್ಟುದರಿಂದ ಅಳಿವೆಯನ್ನು ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಯಿತು. ಅಲ್ಲಿ ಇಳಿದು, ಮರಳ ಮೇಲೆ ಕಾಲ್ನಡಿಗೆಯಿಂದಲೇ ಮನೆ ಸೇರಿದರು. ಸಮುದ್ರ ನಿಶ್ಚಲವಾಗಿತ್ತು, ಗಾಳಿಮರಗಳ ಮರ್ಮರವೂ ಅಡಗಿತ್ತು. ಆ ರಾತ್ರಿಯೇ ಅವರು ಒಂದು ಕವಿತೆಯನ್ನು ಬರೆದರು.

ಇದರಲ್ಲಿ ನಾವು ಗಮನಿಸತಕ್ಕ ಅಂಶವೆಂದರೆ ಈ ವಿಹಾರದ ಸರಳತೆ. ದೋಣಿಯೊಂದು, ಬುತ್ತಿಯೊಂದು, ಬೆಳುದಿಂಗಳು, ರೈತನ ಅಂಗಳ, ಇಷ್ಟೇ. ಆ ಅಂಗಳಕ್ಕೆ ಅವರು ನೆಂಟರಂತೆ ಬಂದರು, ನೆಂಟರಂತೆ ಹೊರಟರು. ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ಹೆಸರುಳ್ಳ ಅವರ ನಾಟ್ಯಕಾವ್ಯವೂ ಕಾರವಾರದಲ್ಲಿಯೇ ರಚಿತವಾಗಿ 1884ರಲ್ಲಿ ಪ್ರಕಟವಾಯಿತು. ಪ್ರಕೃತಿಯನ್ನೂ ಮಮತೆಯನ್ನೂ ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯು ಲೋಕಕ್ಕೆ ಮರಳಿ ಕರೆತರುವ ಕಥೆಯದು. ಕಡಲ ಕರೆಯಲ್ಲಿ ಹುಟ್ಟಿದ ಕೃತಿಯಲ್ಲಿ ಹಿರಿಯನಿಗೆ ಪಾಠ ಹೇಳಿದುದು ಒಂದು ಮಗು! ಮಕ್ಕಳೊಡನೆ ಸಮುದ್ರಕ್ಕೆ ಹೋದ ತಂದೆತಾಯಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸಮುದ್ರವಿಹಾರಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಅರಿಯಲು ಇಂಗ್ಲೆಂಡಿನ ಕಡೆ ತಿರುಗಬೇಕು. ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞರಿದ್ದರು. ಡೆವನ್ ತೀರದ ಬಂಡೆಗಳ ಸಂದಿನಲ್ಲಿ ನಿಲ್ಲುವ ಕಡಲ ಮಡುಗಳನ್ನು ಕುರಿತು ಅವರು 1853ರಲ್ಲಿಯೂ, ಗಾಜಿನ ತೊಟ್ಟಿಗಳಲ್ಲಿ ಕಡಲಜೀವಿಗಳನ್ನು ಸಾಕುವುದನ್ನು ಕುರಿತು 1854ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. ಓದಿದ ಜನ ಸಂಸಾರಸಮೇತರಾಗಿ ತೀರಕ್ಕೆ ಧಾವಿಸಿದರು. ಬುಟ್ಟಿ, ಉಳಿ, ಸುತ್ತಿಗೆಗಳೊಡನೆ ಮಡುಗಳಿಗಿಳಿದು ಕಂಡುದನ್ನೆಲ್ಲ ಕಿತ್ತು ಒಯ್ದರು. ಗಾಸರ ಮಗ ಎಡ್ಮಂಡ್ ಗಾಸರು ಬಾಲ್ಯದಲ್ಲಿ ತಂದೆಯೊಡನೆ ಆ ಮಡುಗಳನ್ನು ಕಂಡವರು. 1907ರ ತಮ್ಮ ಆತ್ಮಕಥನದಲ್ಲಿ, ಯುಗಯುಗಗಳಿಂದ ಯಾರೂ ಕದಡದಿದ್ದ ಆ ಮಡುಗಳು ತಂದೆಯ ಪುಸ್ತಕಗಳ ಕೀರ್ತಿಯಿಂದಲೇ ಬರಿದಾದುವೆಂದು ಅವರು ವ್ಯಥೆಪಟ್ಟಿದ್ದಾರೆ. ದ್ವೇಷದಿಂದ ಹಾಳಾದ ತೀರಗಳುಂಟು. ಇದು ಪ್ರೀತಿಯಿಂದಲೇ ಹಾಳಾದ ತೀರ. ನೋಡುವ ಆಸೆಯು ಒಯ್ಯುವ ಆಸೆಯಾಗಿ ತಿರುಗಿದರೆ ಮುಂದಿನ ಮಗುವಿಗೆ ನೋಡಲು ಏನೂ ಉಳಿಯದು.

ಈ ತೊಡಕನ್ನು ಬಿಡಿಸಲು ಯತ್ನಿಸಿದ ನಾಡೊಂದು ಪೆಸಿಫಿಕ್ ಎಂಬ ಶಾಂತಸಾಗರದ ಅಂಚಿನಲ್ಲಿದೆ. ನಮ್ಮಂತೆಯೇ ಉಷ್ಣವಲಯಕ್ಕೆ ಸೇರಿದ ಕೋಸ್ಟರಿಕಾ ದೇಶವು 1948ರಲ್ಲಿ ಸೈನ್ಯವನ್ನೇ ರದ್ದುಗೊಳಿಸಿದುದಕ್ಕೆ ಹೆಸರಾಂತುದು. ತನ್ನ ಶಾಂತಸಾಗರದ ತೀರದಲ್ಲಿ ಆ ದೇಶವು 1972ರಲ್ಲಿ ಮ್ಯಾನುಯೆಲ್ ಆಂಟೋನಿಯೊ ಎಂಬ ರಾಷ್ಟ್ರೀಯ ಉದ್ಯಾನವನ್ನೂ, 1975ರಲ್ಲಿ ಕೊರ್ಕೊವಾಡೊ ಎಂಬ ಇನ್ನೊಂದನ್ನೂ ಸ್ಥಾಪಿಸಿತು. ಕಾಡು, ಕೋತಿ, ಕಡಲುಗಳನ್ನು ಒಂದೇ ದಿನದಲ್ಲಿ ಕಾಣಬೇಕೆಂದು ದೇಶದೇಶಗಳ ಸಂಸಾರಗಳು ಇಂದು ಅಲ್ಲಿಗೆ ಬರುತ್ತವೆ. ಅದೇ ತೀರದ ಓಸ್ಟಿಯೊನಾಲ್ ಎಂಬ ಹಳ್ಳಿಯ ಮರಳಿಗೆ, ಕೆಲವು ರಾತ್ರಿಗಳಲ್ಲಿ, ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಲಕ್ಷಗಟ್ಟಲೆಯಾಗಿ ಮೊಟ್ಟೆಯಿಡಲು ಏರಿ ಬರುತ್ತವೆ. ಮೊದಲು ಬಂದ ಆಮೆಗಳ ಗೂಡುಗಳನ್ನು ಅನಂತರ ಬಂದವು ತೋಡಿ ಕೆಡಿಸಿಬಿಡುವುದರಿಂದ, ಆರಂಭದ ಮೊಟ್ಟೆಗಳು ಹೇಗೂ ಬಹುಮಟ್ಟಿಗೆ ನಷ್ಟವಾಗತಕ್ಕವು. ಇದನ್ನರಿತು, ಮೊದಲು ಇಟ್ಟ ಮೊಟ್ಟೆಗಳನ್ನು ಊರವರು ತೆಗೆದುಕೊಳ್ಳಬಹುದೆಂದು 1987ರಿಂದ ಕಾನೂನೇ ಸಮ್ಮತಿಸಿದೆ. ಅದಕ್ಕೆ ಪ್ರತಿಯಾಗಿ ಊರವರು ತೀರವನ್ನು ಕಾಯುತ್ತಾರೆ, ಕಸ ಬಳಿಯುತ್ತಾರೆ, ಮರಿಗಳು ನೀರು ಸೇರುವಂತೆ ನೋಡಿಕೊಳ್ಳುತ್ತಾರೆ. ಕಡಲಿನ ಮನೆಯವರನ್ನು ಹೊರಗಿಡದೆ, ಅವರನ್ನೇ ಯಜಮಾನರನ್ನಾಗಿ ಮಾಡಿದ ವ್ಯವಸ್ಥೆಯಿದು.

ಅದೇ ಜಾತಿಯ ಆಮೆಯು ನಮ್ಮ ಉತ್ತರ ಕನ್ನಡದ ಮರಳಿಗೂ ಬರುತ್ತದೆಂಬುದನ್ನು ಬಹುಮಂದಿ ಬಲ್ಲವರಲ್ಲ. ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗ ಮೊದಲಾದೆಡೆಗಳಲ್ಲಿ ಅದು ದಡವೇರಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಹೊರಟುಹೋಗುತ್ತದೆ. ಲಕ್ಷಗಳಲ್ಲಲ್ಲ, ಒಂದೊಂದಾಗಿ. ಮೀನುಗಾರರೂ ಅರಣ್ಯ ಇಲಾಖೆಯವರೂ ಆ ಗೂಡುಗಳಿಗೆ ಬೇಲಿ ಕಟ್ಟಿ ಕಾಯುವುದುಂಟು. ಸುಮಾರು ಐವತ್ತು ದಿನಗಳ ಮೇಲೆ ಮರಿಗಳು ಹೊರಬಂದು, ಕಡಲಿನ ಮೇಲಣ ಮಂದವಾದ ಬೆಳಕನ್ನೇ ಗುರುತಾಗಿಟ್ಟುಕೊಂಡು ನೀರಿನತ್ತ ಹರಿಯುತ್ತವೆ. ದಡದಲ್ಲಿ ವಿದ್ಯುದ್ದೀಪವು ಉರಿಯುತ್ತಿದ್ದರೆ ದಾರಿ ತಪ್ಪಿ ಊರಿನ ಕಡೆ ನಡೆದು ಸಾಯುತ್ತವೆ. ವಿಹಾರಕ್ಕೆ ಬಂದವರು ಒಂದು ದೀಪವನ್ನು ಆರಿಸಿದರೆ ಒಂದು ಸಂಸಾರ ಬದುಕುತ್ತದೆ.

ನೋಡಬಲ್ಲ ಮಗುವಿಗೆ ನಮ್ಮ ತೀರದಲ್ಲಿ ಪಾಠಗಳಿಗೇನು ಕೊರತೆ? ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕುಮಟಾ ಗೋಕರ್ಣಗಳ ನಡುವೆ ಕಡಲು ಸೇರುವ ಅಘನಾಶಿನಿಯ ಅಳಿವೆಗೆ ಹೋಗಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಉಬ್ಬರವಿಳಿತಗಳು ಅಧಿಕವಾಗಿರುತ್ತವೆ. ಆದಕಾರಣ ಬಯಲಿನ ಮನೆಯವರಿಗೆ ಅವರ ಪಂಚಾಂಗವೇ ಕಡಲಿನ ವೇಳಾಪಟ್ಟಿ. ಇಳಿತದ ಹೊತ್ತಿನಲ್ಲಿ ಕೆಸರು ತೆರೆದುಕೊಂಡಾಗ ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಮೊದಲಾದ ಚಿಪ್ಪುಮೀನುಗಳನ್ನು ಆಯುತ್ತಾರೆ. ಕಾಂಡ್ಲದ ಗಿಡಗಳಲ್ಲಿ ಕೆಲವು ತಮ್ಮ ಬೀಜವನ್ನು ತಾಯಿಮರದ ಮೇಲೆಯೇ ಮೊಳೆಯಿಸಿ ಅನಂತರ ಕೆಸರಿಗೆ ಬೀಳಿಸುತ್ತವೆ. ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಉಪ್ಪನ್ನು ಸಹಿಸುವ ಅಂತಹ ಧಾನ್ಯವನ್ನು ತಲೆತಲಾಂತರದಿಂದ ಕಾಪಾಡಿದವರು ಅಲ್ಲಿಯ ರೈತರೇ. ಸಮೀಪದ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ಬೆಳೆಯುತ್ತಾರೆ. ಬಂಡಿಯ ಕಾಲದ ಉಪ್ಪಿನ ಮಡಕೆಯ ರಹಸ್ಯವು ಮಕ್ಕಳಿಗೆ ಅಲ್ಲಿ ಕಣ್ಣಾರೆ ತಿಳಿಯುತ್ತದೆ.

ಆದರೆ ತೀರವು ನಮ್ಮ ರಜೆಯ ದಿನಗಳಿಗಾಗಿ ಖಾಲಿಯಾಗಿ ಕಾದಿರುವ ಸ್ಥಳವಲ್ಲ. ಅದು ಜನರ ಮನೆ. ಆ ಮನೆಯವರು ತೆತ್ತ ಬೆಲೆಯನ್ನು ಮರೆಯಬಾರದು. ಕಾರವಾರದ ದಕ್ಷಿಣಕ್ಕೆ, 1986ರಲ್ಲಿ ಶಂಕುಸ್ಥಾಪನೆಯಾದ ನೌಕಾನೆಲೆಗಾಗಿ ಸಾವಿರಾರು ಸಂಸಾರಗಳು ತಮ್ಮ ಊರುಗಳನ್ನೂ ತೀರವನ್ನೂ ಬಿಟ್ಟು ಎದ್ದುವು. 2005ರಲ್ಲಿ ಆ ನೆಲೆಯು ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯರು. ಆದರೆ ತೆರವಾದ ಮನೆಗಳ ಲೆಕ್ಕವೂ ದೇಶದ ಇತಿಹಾಸದಲ್ಲಿಯೇ ಸೇರಿದೆ. ಅಘನಾಶಿನಿಯ ಬಾಯಲ್ಲಿರುವ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆ ಹುಟ್ಟಿದಾಗ, ಮೀನುಗಾರರೂ ರೈತರೂ ಎದ್ದು ನಿಂತು ವಿರೋಧಿಸಿದರು. ಯೋಜನೆಯು ಹಿಂದೆ ಸರಿಯಿತು. ಇಂದು ನಮ್ಮ ಮಕ್ಕಳಿಗೆ ತೋರಿಸಲು ಆ ಅಳಿವೆ ಉಳಿದಿದ್ದರೆ ಅದು ಅವರ ಉಪಕಾರ.

ಕಡೆಯದಾಗಿ ಒಂದು ಸಂಗತಿ. ಜಲಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ರಾಷ್ಟ್ರಗಳ ನಡುವೆ ಒಂದು ಒಪ್ಪಂದವಾಯಿತು. 2024ರ ಜನವರಿಯ ಕೊನೆಯಲ್ಲಿ ಆ ಒಪ್ಪಂದದ ಪಟ್ಟಿಗೆ ಭಾರತದಿಂದ ಐದು ಸ್ಥಳಗಳು ಸೇರಿದುವು. ಅವುಗಳಲ್ಲಿ ಅಘನಾಶಿನಿಯ ಅಳಿವೆ ಒಂದು. ಇನ್ನೊಂದು, ಸವಡಿಯಿರುವ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆ. ಶಿರಹಟ್ಟಿ ತಾಲ್ಲೂಕಿನ ಆ ಕೆರೆಗೆ ಪ್ರತಿ ಚಳಿಗಾಲವೂ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಮರಿಗಳನ್ನು ಜೊತೆಗೂಡಿಸಿಕೊಂಡು ಬರುತ್ತವೆ. ಬಯಲಿನ ಕೆರೆಯೂ ಕಡಲಿನ ಅಳಿವೆಯೂ ಒಂದೇ ಪ್ರಕಟನೆಯಲ್ಲಿ ಲೋಕಮಾನ್ಯವಾದುವು.

ಆದುದರಿಂದ ಸವಡಿಯ ಮನೆಯವರು ತಮ್ಮ ಪ್ರವಾಸವನ್ನು ಮಾಗಡಿಯ ಕೆರೆಯಿಂದಲೇ ಆರಂಭಿಸಲಿ. ದಡದಲ್ಲಿ ಸದ್ದಿಲ್ಲದೆ ಕುಳಿತು ಹಕ್ಕಿಯನ್ನು ಹೆದರಿಸದೆ ನೋಡಲು ಕಲಿತ ಮಗುವು ಕಡಲ ಮುಂದೆಯೂ ಹೇಗಿರಬೇಕೆಂಬುದನ್ನು ಬಲ್ಲುದು. ಅನಂತರ ಘಟ್ಟವಿಳಿಯಲಿ. ಹತ್ತಿಯ ಬಂಡಿಗಳು ಆ ಹಾದಿಯಲ್ಲಿ ಹೊರೆ ಹೊತ್ತು ಹೋಗಿ ಹೊರೆ ಹೊತ್ತು ಬಂದುವು. ನಾವಾದರೋ ಬುತ್ತಿಯೊಂದನ್ನು ಕಟ್ಟಿಕೊಂಡು ಹೋಗೋಣ. ಚಿಪ್ಪನ್ನೂ ಏಡಿಯನ್ನೂ ಅವುಗಳ ಮನೆಯಲ್ಲಿಯೇ ಬಿಟ್ಟು ಬರೋಣ.