ಮೊಳೆಗೂ ಬಾಡಿಗೆ

1973ರಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಸಾಕ್ಷರತೆಯ ತರಗತಿಗಳು ನಡೆದಿದ್ದವು. ಕಲಿಸುವವರು ಕಲಿಯುವವರ ಕೈಗೇ ಕ್ಯಾಮೆರಾ ಕೊಟ್ಟು, ಪ್ರಶ್ನೆಗೆ ಬಾಯಿಂದ ಬೇಡ, ಫೋಟೊದಿಂದ ಉತ್ತರ ಕೊಡಿ ಎಂದಿದ್ದರು. ‘ಶೋಷಣೆ ಎಂದರೇನು?’ ಎಂಬ ಪ್ರಶ್ನೆಗೆ ಒಬ್ಬ ಹುಡುಗ ತಂದದ್ದು ಗೋಡೆಗೆ ಹೊಡೆದ ಒಂದು ಮೊಳೆಯ ಚಿತ್ರ. ದೊಡ್ಡವರಿಗೆ ತಲೆಬುಡ ತಿಳಿಯಲಿಲ್ಲ, ಹುಡುಗರಿಗೆ ತಕ್ಷಣ ತಿಳಿಯಿತು. ಬೂಟ್ ಪಾಲಿಶ್ ಮಾಡುವ ಹುಡುಗರ ಮನೆ ಪೇಟೆಯಿಂದ ದೂರ, ಪೆಟ್ಟಿಗೆ ಭಾರ. ರಾತ್ರಿ ಅದನ್ನು ಅಂಗಡಿಯ ಗೋಡೆಗೆ ತೂಗುಹಾಕಿ ಹೋಗಬೇಕೆಂದರೆ ಆ ಮೊಳೆಗೂ ಬಾಡಿಗೆ ತೆರಬೇಕಿತ್ತು. ಈ ಪ್ರಸಂಗವನ್ನು ಬರೆದಿಟ್ಟವರು ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೋಲ್.

ನಮೂನೆ ಹಿಡಿದುಕೊಂಡು ಹೋಗಿ ತಿಂಗಳ ಖರ್ಚು ಕೇಳಿದ್ದರೆ ಆ ಮೊಳೆ ಯಾವ ಕಾಲಮ್ಮಿಗೂ ಬರುತ್ತಿರಲಿಲ್ಲ. ಇವತ್ತು ವಿಶ್ವವಿದ್ಯಾಲಯಗಳಲ್ಲಿ ಕಲಾಧಾರಿತ ಸಂಶೋಧನೆ ಎಂದು ಕರೆಸಿಕೊಳ್ಳುವ ಶಾಖೆ ಹುಡುಕುವುದು ಇಂಥ ಮೊಳೆಗಳನ್ನೇ. ಹೆಸರು ಬಂದದ್ದು 1990ರ ದಶಕದ ಅಮೆರಿಕದಲ್ಲಿ. ಚಿತ್ರಕಲೆ ಕಲಿತು ಆಮೇಲೆ ಶಿಕ್ಷಣಶಾಸ್ತ್ರಕ್ಕೆ ಬಂದ ಸ್ಟ್ಯಾನ್‌ಫರ್ಡಿನ ಎಲಿಯಟ್ ಐಸ್ನರ್, ಕಾದಂಬರಿಯನ್ನೂ ಪಿಎಚ್.ಡಿ. ಪ್ರಬಂಧವಾಗಿ ಯಾಕೆ ಒಪ್ಪಬಾರದು ಎಂದು ವಾದಿಸಿ ಪಂಡಿತರನ್ನು ಕೆಣಕಿದರು. ಆ ಜಗಳ ಅವರಿಗಿರಲಿ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಬದುಕುವ ಕನ್ನಡಿಗರಾದ ನಮಗೆ ಬೇಕಾದದ್ದು ಬೇರೆ ಕತೆ: ಜನರಿಗೆ ಹೇಳಲು ಹೊರಟಿದ್ದ ಕಲೆ ಜನರನ್ನು ಕೇಳಲು ಕಲಿತದ್ದು ಹೇಗೆ?

ಹೇಳುವ ಕಲೆಗೆ ಈ ಸೀಮೆಯಲ್ಲಿ ಬರವಿರಲಿಲ್ಲ. ಸತ್ಯಶೋಧಕರ ಜಲಸಾ, ಅಂಬೇಡ್ಕರಿ ಜಲಸಾ ಎಂಬ ಹಾಡು-ನಾಟಕದ ತಂಡಗಳು ಊರೂರು ತಿರುಗಿದವು. 1943ರಲ್ಲಿ ಮುಂಬಯಿಯಲ್ಲಿ ಇಪ್ಟಾ ಎಂಬ ಜನರಂಗಭೂಮಿ ಸಂಘ ಹುಟ್ಟಿತು. ಮರುವರ್ಷ ಅಣ್ಣಾಭಾವು ಸಾಠೆ, ಅಮರ್ ಶೇಖ್, ಗವಾಣಕರ್ ಸೇರಿ ಲಾಲ್ ಬಾವಟಾ ಕಲಾಪಥಕ ಕಟ್ಟಿ ಗಿರಣಿ ಕಾರ್ಮಿಕರ ನಡುವೆ ಡಫ್ ಬಾರಿಸಿದರು. ಕನ್ನಡದಲ್ಲಿ 1975ರಲ್ಲಿ ಸಮುದಾಯ ರಂಗತಂಡ ಬಂತು. ಬಿಹಾರದ ಬೆಲ್ಛಿಯಲ್ಲಿ ನಡೆದ ಹತ್ಯಾಕಾಂಡವನ್ನು ಬೀದಿನಾಟಕವಾಗಿ ಆಡಿ, 1979ರ ಜಾಥಾದಲ್ಲಿ ನಾಡು ಸುತ್ತಿತು. 1983ರಲ್ಲಿ ಜ್ಯೋತಿ ಮ್ಹಾಪ್ಸೇಕರ್ ಬರೆದ ‘ಮುಲಗೀ ಝಾಲೀ ಹೋ’ (ಹೆಣ್ಣು ಹುಟ್ಟಿತು) ನಾಟಕವನ್ನು ಸ್ತ್ರೀ ಮುಕ್ತಿ ಸಂಘಟನಾ ಆಡತೊಡಗಿತು. ಇವನ್ನೆಲ್ಲ ಬರೀ ಪ್ರಚಾರವೆಂದು ತಳ್ಳಿಹಾಕುವವರ ಜತೆ ನನಗೆ ಒಪ್ಪಿಗೆಯಿಲ್ಲ. ಎದೆಗಾರಿಕೆ ಇಲ್ಲದೆ ಬೀದಿಯಲ್ಲಿ ನಿಂತು ಆಡಲಾಗುವುದಿಲ್ಲ. 1989ರ ಹೊಸವರ್ಷದ ದಿನ ಸಾಹಿಬಾಬಾದಿನಲ್ಲಿ ಆಡುತ್ತಿದ್ದಾಗಲೇ ಬೀದಿನಾಟಕಕಾರ ಸಫ್ದರ್ ಹಾಶ್ಮಿಯವರ ಮೇಲೆ ಬಿದ್ದ ಪೆಟ್ಟು ಅವರ ಪ್ರಾಣವನ್ನೇ ತೆಗೆಯಿತು. ಆದರೂ ಅಲ್ಲೆಲ್ಲ ಉತ್ತರ ಮೊದಲೇ ಸಿದ್ಧವಿರುತ್ತಿತ್ತು. ನೋಡುವವನ ಪಾಲಿಗೆ ಉಳಿದದ್ದು ಒಪ್ಪಿಕೊಳ್ಳುವ ಕೆಲಸ.

ಇದರ ತೊಂದರೆ ಬೋಲ್ ಅವರಿಗೆ ಅರಿವಾದದ್ದು ನಾಚಿಕೆಯಿಂದ. ಬ್ರೆಜಿಲ್‌ನ ಈಶಾನ್ಯದ ಹಳ್ಳಿಯೊಂದರಲ್ಲಿ ಅವರ ತಂಡ ಬಂದೂಕು ಎತ್ತಿಹಿಡಿದು, ಭೂಮಿಗಾಗಿ ರಕ್ತ ಕೊಡೋಣ ಎಂದು ಹಾಡಿತು. ನಾಟಕ ಮುಗಿದ ಮೇಲೆ ರೈತನೊಬ್ಬ ಬಂದು, ಊಟ ಮಾಡಿ, ಆಮೇಲೆ ನಿಮ್ಮ ಬಂದೂಕು ತಗೊಂಡು ಎಲ್ಲರೂ ಸೇರಿ ಜಮೀನ್ದಾರನ ಮೇಲೆ ಹೋಗೋಣ ಎಂದ. ಬಂದೂಕು ಮರದ್ದು, ನಾವು ನಟರು ಎಂದು ಇವರು ತೊದಲಬೇಕಾಯಿತು. ಹಾಗಾದರೆ ನೀವು ಹೇಳಿದ ರಕ್ತ ನಮ್ಮದೇ, ನಿಮ್ಮದಲ್ಲ ಎಂದ ರೈತ. ಅಲ್ಲಿಂದಾಚೆ ಬೋಲ್ ಹಾದಿ ಬದಲಾಯಿತು. ಅವರ ಫೋರಂ ರಂಗಭೂಮಿಯಲ್ಲಿ ಕಷ್ಟವೊಂದನ್ನು ಸೋಲಿನಲ್ಲಿ ಮುಗಿಯುವಂತೆ ಆಡುತ್ತಾರೆ. ಎರಡನೇ ಸಲ ಆಡುವಾಗ ನೋಡುವವರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು ಬಂದು, ಪಾತ್ರದ ಜಾಗದಲ್ಲಿ ತಾವೇ ನಿಂತು ಬೇರೆ ದಾರಿ ಪ್ರಯತ್ನಿಸಬಹುದು. ಎದುರಿನ ನಟ ಸುಲಭಕ್ಕೆ ಬಗ್ಗುವುದಿಲ್ಲ. ಯಾವ ದಾರಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಎಲ್ಲರ ಕಣ್ಣೆದುರೇ ಬಯಲಾಗುತ್ತದೆ. ಬಂಗಾಳದಲ್ಲಿ 1985ರಲ್ಲಿ ಶುರುವಾದ ಜನ ಸಂಸ್ಕೃತಿ ತಂಡ ಈ ಆಟವನ್ನು ಹಳ್ಳಿಗಳಲ್ಲಿ ಬೇರೂರಿಸಿತು.

ಅದೇ ಸುಮಾರಿಗೆ ಬೇರೆ ಕಡೆಗಳಲ್ಲೂ ಪ್ರಶ್ನೆ ಕೇಳುವ ಕೈ ಬದಲಾಗತೊಡಗಿತ್ತು. 1984ರಲ್ಲಿ ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಮಹಿಳೆಯರ ಸಂಘಟನೆಯ ಹೆಂಗಸರು ವಿಡಿಯೊ ಕ್ಯಾಮೆರಾ ಹಿಡಿದರು. 1990ರ ದಶಕದಲ್ಲಿ ಸಂಶೋಧಕಿಯರಾದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತದ ರೈತ ಮಹಿಳೆಯರಿಗೆ ಕ್ಯಾಮೆರಾ ಕೊಟ್ಟು ಫೋಟೊವಾಯ್ಸ್ ಎಂಬ ವಿಧಾನವನ್ನೇ ರೂಪಿಸಿದರು. ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ನಮ್ಮ ಕರ್ನಾಟಕದ ರಂಗೋಲಿ ಪುಡಿ. 1989ರ ಹೊತ್ತಿಗೆ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಜನರಿಂದಲೇ ರಂಗೋಲಿಯಲ್ಲಿ ನಕ್ಷೆ ಬರೆಸುವ ವಿಧಾನವನ್ನು ಬಳಸತೊಡಗಿತು; ಅಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ ಅದನ್ನು ಜಗತ್ತಿಗೆಲ್ಲ ಸಾರಿದರು. ಪೆನ್ನು ಹಿಡಿಯಲು ಅಂಜುವ ಕೈ ರಂಗೋಲಿ ಹಿಡಿಯಲು ಅಂಜುವುದಿಲ್ಲ. ನೆಲದ ಮೇಲೆ ಊರು ಬಿಡಿಸುವಾಗ ಸುತ್ತ ನಿಂತವರೆಲ್ಲ ಬಗ್ಗಿ ತಿದ್ದುತ್ತಾರೆ. ಗಂಡಸರು ರಸ್ತೆ, ಗುಡಿ, ಪಂಚಾಯಿತಿ ಕಟ್ಟೆಯಿಂದ ಶುರುಮಾಡಿದರೆ ಹೆಂಗಸರ ನಕ್ಷೆಯಲ್ಲಿ ಬಾವಿ, ಸೌದೆ ತರುವ ಗುಡ್ಡ, ಕತ್ತಲಾದ ಮೇಲೆ ಹೋಗಬಾರದ ಓಣಿ ದೊಡ್ಡದಾಗುತ್ತವೆ. ಒಂದೇ ಊರು, ಎರಡು ನಕ್ಷೆ.

ಠಾಣೆಯ ಕಡೆಗೆ ಬಂದರೆ ಮೊದಲು ಎದುರಾಗುವುದು ಎಚ್ಚರಿಕೆಯ ಕತೆ. ವಾರ್ಲಿ ಹೆಂಗಸರು ಮದುವೆಯ ಮನೆಯ ಗೋಡೆಗೆ ಅಕ್ಕಿಹಿಟ್ಟಿನಿಂದ ಬರೆಯುವ ಚೌಕವನ್ನು ಹುಡುಕಿಕೊಂಡು 1970ರ ದಶಕದ ಮೊದಲಲ್ಲಿ ಕಲಾವಿದ ಭಾಸ್ಕರ್ ಕುಲಕರ್ಣಿ ಡಹಾಣು ತಾಲೂಕಿಗೆ ಹೋದರು. ಪಾಲಘರ್ 2014ರಲ್ಲಿ ಬೇರೆ ಜಿಲ್ಲೆಯಾಗುವ ತನಕ ಆ ತಾಲೂಕು ಠಾಣೆ ಜಿಲ್ಲೆಯಲ್ಲೇ ಇತ್ತು. ಅವರು ಕಾಗದ ಕೊಟ್ಟರು, ಗಂಜಾಡಿನ ಜೀವ್ಯಾ ಸೋಮಾ ಮಶೆ ದೇಶವಿದೇಶಗಳಲ್ಲಿ ಹೆಸರಾದರು. ಇವತ್ತು ಸ್ಟೇಷನ್ ಗೋಡೆಗಳಲ್ಲೂ ಸೀರೆಯ ಸೆರಗಿನಲ್ಲೂ ಆ ತ್ರಿಕೋನದ ಮನುಷ್ಯರು ಕುಣಿಯುತ್ತಿದ್ದಾರೆ. ಆದರೆ ಸುವಾಸಿನಿಯರ ಕೈಯಲ್ಲಿದ್ದ ಬರವಣಿಗೆ ಮಾರುಕಟ್ಟೆಗೆ ಬರುವಾಗ ಹೆಚ್ಚಾಗಿ ಗಂಡಸರ ಕೈಗೆ ದಾಟಿತು. ಅದೇ ವಾರ್ಲಿಗಳು 1945ರಲ್ಲಿ ಜೀತದ ವಿರುದ್ಧ ಎದ್ದ ಕತೆಯನ್ನು ಆ ಹೋರಾಟದ ನಾಯಕಿ ಗೋದಾವರಿ ಪರುಳೇಕರ್ ಬರೆದಿದ್ದಾರೆ. ಸೀರೆ ಕೊಳ್ಳುವಾಗ ಆ ಕತೆ ಜತೆಗೆ ಬರುವುದಿಲ್ಲ.

ಇನ್ನೊಬ್ಬರು ಠಾಣೆಯಲ್ಲೇ ಎಕ್ಸ್‌ರೇ ನೋಡುತ್ತ ಊರನ್ನು ನೋಡಿದವರು. ಚಿತ್ರಕಾರ ಸುಧೀರ್ ಪಟವರ್ಧನ್ ವೃತ್ತಿಯಿಂದ ರೇಡಿಯಾಲಜಿಸ್ಟ್ ಆಗಿದ್ದರು. ಪೋಖರಣ್ ರಸ್ತೆ, ಉಲ್ಹಾಸನಗರ, ಗುಡ್ಡ ಕೊರೆದು ಎದ್ದ ಕಟ್ಟಡ, ಲೋಕಲಿಗೆ ಕಾಯುವ ಮೈಗಳು: ಯಾವ ಜನಗಣತಿಯೂ ಬರೆಯದ ಉಪನಗರವೊಂದು ಅವರ ಕ್ಯಾನ್ವಾಸಿನಲ್ಲಿದೆ. ಸಮಕಾಲೀನ ಕಲೆಯ ಪ್ರದರ್ಶನವೊಂದನ್ನು ಮಹಾರಾಷ್ಟ್ರದ ಬೇರೆ ಬೇರೆ ಊರುಗಳಿಗೆ ಒಯ್ದದ್ದೂ ಅವರೇ. ಠಾಣೆಯದೇ ಚೆಂದಣಿ ಕೋಳಿವಾಡೆಯ ಕಲಾವಿದ ದಂಪತಿ ಪರಾಗ್ ಮತ್ತು ಕಾದಂಬರಿ ತಾಂಡೇಲ್ ತಮ್ಮ ಮೀನುಗಾರ ಜಾತಿಯ ಅಡುಗೆ, ಬಲೆ, ಮಾತುಗಳನ್ನು ಕಲೆಹಾಕುತ್ತ ಮನೆಯವರದೇ ದಾಖಲೆಯನ್ನು ಕಟ್ಟುತ್ತಿದ್ದಾರೆ. ಖಾಡಿಯೆಂಬ ಕಡಲ ಹಿನ್ನೀರು ಕೆಟ್ಟರೆ ಯಾವ ಶಬ್ದ ಸಾಯುತ್ತದೆಂದು ಅವರಿಗೆ ಗೊತ್ತು.

ಸಂಶೋಧನೆ ಎಂಬ ಪದವನ್ನೇ ಜನರ ಮಟ್ಟಕ್ಕೆ ಇಳಿಸಿದವರು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ. ಸಂಶೋಧಿಸುವುದು ಪ್ರತಿ ನಾಗರಿಕನ ಹಕ್ಕು ಎಂದು ಅವರು 2006ರಲ್ಲಿ ಬರೆದರು. ಅವರು ಕಟ್ಟಿದ ಪುಕಾರ್ ಸಂಸ್ಥೆ ಮುಂಬಯಿಯ ತರುಣರನ್ನು ಗುಂಪುಗಳಾಗಿ ಸೇರಿಸಿ, ವಿಷಯವನ್ನೂ ಅವರೇ ಆರಿಸಿಕೊಳ್ಳಲು ಬಿಟ್ಟು, ಕಂಡದ್ದನ್ನು ಫೋಟೊ, ಚಿತ್ರ, ಬೀದಿನಾಟಕಗಳಲ್ಲಿ ಮಂಡಿಸಲು ಕಲಿಸಿತು. ಬರಿಗಾಲ ಸಂಶೋಧಕರೆಂದು ಕರೆಸಿಕೊಂಡವರು ಇವರೇ. 2015ರಲ್ಲಿ ಸ್ನೇಹಾ ಸಂಸ್ಥೆ ನಡೆಸಿದ ಧಾರಾವಿ ಬಿಯೆನಾಲೆ ಎಂಬ ಕಲಾಮೇಳದಲ್ಲಿ ಅಲ್ಲಿನ ನಿವಾಸಿಗಳೇ ಆರೋಗ್ಯದ ಬಗ್ಗೆ ಕಲಾಕೃತಿ ಮಾಡಿದರು. ನವಿಮುಂಬಯಿಯ ಖಾರಘರ್‌ನಲ್ಲಿ ನೆಲೆಯಿರುವ ಯುವಾ ಸಂಸ್ಥೆ ಬಸ್ತಿಗಳ ಮಕ್ಕಳು, ತರುಣರ ಜತೆ ದುಡಿಯುತ್ತಿದೆ.

ಇಡೀ ಕತೆಯನ್ನು ಒಬ್ಬ ಮನುಷ್ಯನ ಬದುಕಿನಲ್ಲೇ ನೋಡಬೇಕೆಂದರೆ ಮರಾಠಿ ನಾಟಕಕಾರ ರತ್ನಾಕರ ಮತಕರಿ ಇದ್ದಾರೆ. ‘ಅಲಬತ್ಯಾ ಗಲಬತ್ಯಾ’ ಬರೆದು ಮಕ್ಕಳನ್ನು ನಗಿಸಿದ ಇವರು 1978ರಲ್ಲಿ ‘ಲೋಕಕಥಾ 78’ ಆಡಿಸಿ ಹಳ್ಳಿಯ ದೌರ್ಜನ್ಯವನ್ನು ನಗರದವರ ಮುಂದಿಟ್ಟರು. ಅಲ್ಲಿ ನೋವು ಊರವರದು, ಮಾತು ನಾಟಕಕಾರನದು. 2014ರಲ್ಲಿ ಸಮತಾ ವಿಚಾರ ಪ್ರಸಾರಕ ಸಂಸ್ಥೆಯ ಜತೆ ಠಾಣೆಯಲ್ಲಿ ‘ವಂಚಿತರ ರಂಗಮಂಚ’ ಶುರುಮಾಡಿದಾಗ ಅವರು ಬರೆಯುವ ಪೆನ್ನನ್ನು ಪಕ್ಕಕ್ಕಿಟ್ಟರು. ನಾಟ್ಯಜಲ್ಲೋಷ್ ಎಂದು ಹೆಸರಾದ ಈ ಉತ್ಸವದಲ್ಲಿ ವಿಷಯ ಬಸ್ತಿಯ ಹುಡುಗ ಹುಡುಗಿಯರದು, ಮಾತು ಅವರದು, ಆಡುವವರೂ ಅವರೇ. ರಂಗದ ಅನುಭವಿಗಳು ಕೈಹಿಡಿಯಲು ಮಾತ್ರ. 2020ರ ಮೇ ತಿಂಗಳಲ್ಲಿ ಕೊರೊನಾ ಅವರನ್ನು ಒಯ್ದಿತು. ಐವತ್ತು ವರ್ಷ ಮೀರಿ ನಾಟಕ ಬರೆದವರು ಬರೆಯದೆ ಸುಮ್ಮನೆ ಕೂರಲು ಕಲಿಯುವುದು ಎಷ್ಟು ಕಷ್ಟವೆಂದು ಬರೆಯುವವರಿಗಷ್ಟೇ ಗೊತ್ತು.

ಈ ಕ್ಷೇತ್ರದಲ್ಲಿ ಹುಳುಕಿಲ್ಲವೆಂದಲ್ಲ. ಎರಡು ದಿನದ ಶಿಬಿರ, ಬ್ಯಾನರಿನ ಮುಂದೆ ಗುಂಪುಚಿತ್ರ, ವರದಿಯಲ್ಲಿ ‘ಸಬಲೀಕರಣ’. ಚಿತ್ರ ಬರೆದವಳ ಹೆಸರಿಲ್ಲ. ಫೋಟೊದಲ್ಲಿ ಮುಖ ಕಂಡವಳಿಗೆ ಮನೆಯಲ್ಲಿ ಏಟು ಬಿದ್ದರೆ ಹೊಣೆ ಯಾರು? ಬದಲಾವಣೆಯನ್ನು ಅಳೆಯುವುದಂತೂ ದೊಡ್ಡ ತಲೆನೋವು. ನಲ್ಲಿ ಬಂದರೆ ಎಣಿಸಬಹುದು, ಅಂಜಿಕೆ ಹೋದದ್ದನ್ನು ಹೇಗೆ ಎಣಿಸುವುದು?

ನಾವು ಕನ್ನಡಿಗರು ಇದರಲ್ಲಿ ಎಲ್ಲಿದ್ದೇವೆ? ಡೊಂಬಿವಲಿಯಿಂದ ನೆರೂಳ್ ತನಕ ಸಂಘಗಳಿಗೆ ಕೊರತೆಯಿಲ್ಲ; ಯಕ್ಷಗಾನ, ನಾಟಕ, ಸನ್ಮಾನ, ಊಟ ಎಲ್ಲ ಉಂಟು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಮುಂಬಯಿ ಕನ್ನಡಿಗರ ಸಾಹಿತ್ಯ, ಕಲೆಗಳ ಬಗ್ಗೆ ಸಂಶೋಧನೆ ಮಾಡಿಸಿದೆ. ಕಲೆಯ ಬಗ್ಗೆ ಸಂಶೋಧನೆ ಆಯಿತು. ಕಲೆಯನ್ನೇ ಹಿಡಿದು ನಮ್ಮನ್ನು ನಾವು ಕೇಳಿಕೊಂಡದ್ದು ಕಡಿಮೆ. ಬೋಲ್ ಕಷ್ಟಪಟ್ಟು ಕಟ್ಟಿದ ಆಟಕ್ಕೆ ನಮ್ಮಲ್ಲಿ ತಾಳಮದ್ದಳೆ ಹೆಚ್ಚುಕಡಿಮೆ ಸಿದ್ಧವಾಗಿ ಕೂತಿದೆ: ವೇಷವಿಲ್ಲ, ಬರೆದಿಟ್ಟ ಮಾತಿಲ್ಲ, ಅರ್ಥಧಾರಿ ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಕಟ್ಟಬೇಕು. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಒಂದು ಕಡೆ, ಲಿಫ್ಟ್ ಹತ್ತಬಾರದೆಂದು ಹೇಳಿಸಿಕೊಂಡ ಮನೆಗೆಲಸದವಳು ಇನ್ನೊಂದು ಕಡೆ ಕೂತು ಒಂದು ಸಂಧಾನ ನಡೆಯಲಿ, ಬೇಕಾದವರು ಎದ್ದು ಬಂದು ಅರ್ಥ ಹೇಳಲಿ. ಭಾಗವತರು ಒಪ್ಪುತ್ತಾರೋ ಇಲ್ಲವೋ, ಕೇಳಿ ನೋಡಬೇಕು.

ಬೆಳಿಗ್ಗೆ ಎಂಟು ಗಂಟೆಗೆ ತುರ್ಭೆಯ ಕಡೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತರೆ ಕಲಬುರಗಿ, ಯಾದಗಿರಿಯ ಮಾತು ಕಿವಿಗೆ ಬೀಳುತ್ತದೆ. ಗುತ್ತಿಗೆದಾರನ ಟೆಂಪೊಗೆ ಕಾಯುವ ಗಂಡಸರ ಕೈಯಲ್ಲಿ ಕರಣೆ, ಹೆಂಗಸರ ಕಂಕುಳಲ್ಲಿ ಬುಟ್ಟಿ, ಊಟದ ಡಬ್ಬಿ. ಹತ್ತು ಗಂಟೆಯ ಮೇಲೆ ಯಾರೂ ಕರೆಯುವುದಿಲ್ಲ. ಲಿಮಾದ ಮೊಳೆ ನೆನಪಾಗಿ ಒಮ್ಮೆ ಅಲ್ಲೊಬ್ಬ ಹೆಂಗಸನ್ನು ಕೇಳಿದೆ, ‘ಯಕ್ಕಾ, ರಾತ್ರಿ ಇವನ್ನೆಲ್ಲ ಎಲ್ಲಿಡ್ತೀರಿ?’

ಇದೂ ಒಂದು ಕೇಳುವ ಮಾತೇ ಎಂಬಂತೆ ಅವಳು ಪಕ್ಕದವಳ ಮುಖ ನೋಡಿದಳು. ‘ಎಲ್ಲಿ ಇಡೂದ್ರಿ, ತಲಿಬುಡಕ ಇಟ್ಕೊಂಡ್ ಮಲಗೂದು.’