ಶುಶ್ರೂಷೆಯ ವಿದ್ಯೆ: ಪಾವಗಡದ ನೆಲದಿಂದ ಒಂದು ಅವಲೋಕನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನಾವು ಬೇರೆ ಬೇರೆಯಾಗಿ ಎಣಿಸುವುದು ವಾಡಿಕೆ. ಆದರೆ ರೋಗಿಯ ಹಾಸಿಗೆಯ ಬಳಿ ಔಷಧದಾನವೂ ಶಾಸ್ತ್ರದಾನವೂ ಒಂದಾಗಿಬಿಡುತ್ತವೆ. ಅರಿವಿಲ್ಲದ ಕೈಯಲ್ಲಿ ಔಷಧವೂ ಹಿಂಸೆಗೆ ಕಾರಣವಾಗಬಲ್ಲದು.

ಈ ವಿವೇಕ ಹೊಸತಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳಿವೆಯೆಂದು ಚರಕಸಂಹಿತೆ ಹೇಳುತ್ತದೆ. ಪರಿಚಾರಕನಿಗಿರಬೇಕಾದ ಗುಣಗಳನ್ನು ಹೆಸರಿಸುವಾಗ ದಕ್ಷತೆ, ಅನುರಾಗ, ಶುಚಿತ್ವಗಳಿಗಿಂತ ಮೊದಲು ಅದು ಎಣಿಸುವುದು ಉಪಚಾರದ ಅರಿವನ್ನು. ಆದರೂ ನಮ್ಮ ಸಮಾಜ ವೈದ್ಯನನ್ನು ಗೌರವಿಸಿದಷ್ಟು ಪರಿಚಾರಕರನ್ನು ಗೌರವಿಸಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆಯನ್ನು ತೆರೆದ ಮೇಲೆ ಈ ವೃತ್ತಿಗೆ ಕ್ರಮಬದ್ಧ ಶಿಕ್ಷಣ ದೊರೆಯತೊಡಗಿತು. ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ, 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಆರಂಭವಾದವು. ಕಟ್ಟಡಗಳು ಎದ್ದವಾದರೂ ಕಲಿತ ಕೈಗಳ ಕೊರತೆ ದೇಶವನ್ನೆಲ್ಲ ಕಾಡುತ್ತಿತ್ತು. 1946ರ ಭೋರ್ ಸಮಿತಿಯ ಲೆಕ್ಕದಂತೆ ಆಗ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು! 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ತರಲು ನಾಂದಿಯಾಯಿತು.

ಶಿಕ್ಷಣದಿಂದ ಪ್ರಾಣ ಉಳಿಯುವುದೆ ಎಂಬ ಪ್ರಶ್ನೆಗೆ ಇಂದು ಅಂಕಿಗಳ ಆಧಾರವಿದೆ. ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ನಾಲ್ಕು ಲಕ್ಷಕ್ಕೂ ಮೀರಿದ ರೋಗಿಗಳ ವಿವರಗಳನ್ನು ಪರಿಶೀಲಿಸಿದ ಲಿಂಡಾ ಐಕನ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪದವೀಧರ ದಾದಿಯರ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದೆಡೆ ರೋಗಿಗಳ ಮರಣದ ಸಂಭವ ಶೇ. 7ರಷ್ಟು ಕಡಿಮೆಯಿತ್ತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಅದು ಅಷ್ಟೇ ಏರುತ್ತಿತ್ತು. ವಿದ್ಯೆ ಬೇಕು, ವಿದ್ಯಾವಂತರ ಸಂಖ್ಯೆಯೂ ಬೇಕು.

ಪಾವಗಡಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಬಹುಪಾಲು ಆಂಧ್ರದ ಗಡಿಯಿಂದ ಸುತ್ತುವರಿದ ಈ ಬರದ ಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡು ಹಲ್ಲು, ಮೂಳೆಗಳನ್ನು ಕೆಡಿಸಿದೆ. ನೀರನ್ನು ಕಾಯಿಸಿ ಕುಡಿಯಿರಿ ಎಂಬುದು ಭೇದಿ, ಕಾಮಾಲೆಗಳ ತಡೆಗೆ ಸರಿಯಾದ ಮಾತು. ಆದರೆ ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬರಿಯ ಕಂಠಪಾಠ ಕಲಿತವರಿಗೂ ಕಾರಣವನ್ನರಿತವರಿಗೂ ಇರುವ ಅಂತರವಿದು. ಬಾಗಿದ ಮೊಣಕಾಲನ್ನು ಕರ್ಮಫಲವೆಂದು ಕೈಬಿಡದೆ, ಯಾವ ಬಾವಿಯ ನೀರೆಂದು ಕೇಳುವ, ಕನ್ನಡದಲ್ಲೂ ತೆಲುಗಿನಲ್ಲೂ ತಿಳಿಹೇಳುವ ದಾದಿ ಈ ಊರುಗಳಿಗೆ ಬೇಕು.

ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರ ವೇಳೆಗೆ 69ಕ್ಕೆ ಇಳಿಯಿತು. ಇದಕ್ಕೆ ರಸ್ತೆ, ಔಷಧ, ಸರ್ಕಾರಿ ಯೋಜನೆಗಳೂ ಕಾರಣ. ಹೆರಿಗೆಯ ಹೊತ್ತಿಗೆ ತರಬೇತಿ ಪಡೆದ ಕೈಗಳು ದೊರೆತದ್ದೂ ಕಾರಣ.

ದಾದಿಯ ಓದು ಒಂದೇ ಮೆಟ್ಟಿಲಿನದಲ್ಲ. ಡಿಪ್ಲೊಮಾ ಪಡೆದವರು ಮುಂದೆ ಪದವಿಯನ್ನೂ ಸ್ನಾತಕೋತ್ತರ ಪದವಿಯನ್ನೂ ಪಡೆಯಬಹುದು. ಹಲವರು ಮೊದಲ ಮೆಟ್ಟಿಲಲ್ಲೇ ನಿಲ್ಲುವುದು ಹಣವಿಲ್ಲದೆ. ಕೆಲವರು ಮನೆಯವರ ಸಂಕೋಚದಿಂದ. ವೈಯಾವೃತ್ಯವನ್ನು ತಪಸ್ಸೆಂದು ಎಣಿಸುವ ನಾವು, ನಮ್ಮ ಮಗಳು ಅದನ್ನೇ ವೃತ್ತಿಯಾಗಿ ಆರಿಸಿಕೊಂಡಾಗ ಏಕೆ ಹಿಂಜರಿಯಬೇಕು? ಬಸದಿಗಳ ಟ್ರಸ್ಟುಗಳು ಔಷಧದಾನದ ಒಂದು ಪಾಲನ್ನು, ಜಾತಿಮತ ನೋಡದೆ, ಇಂತಹ ಒಬ್ಬ ವಿದ್ಯಾರ್ಥಿನಿಯ ಶುಲ್ಕಕ್ಕೆ ಮೀಸಲಿಡಲಿ. ಒಂದು ಸೀಸೆ ಔಷಧ ಒಬ್ಬ ರೋಗಿಗೆ ಮುಗಿಯುತ್ತದೆ. ಕಲಿತ ದಾದಿಯ ಅರಿವು ಅನೇಕ ಮನೆಗಳಲ್ಲಿ ಉಳಿಯುತ್ತದೆ.